‘ಎ’ ಸರ್ಟಿಫಿಕೇಟ್ ಕೊಟ್ಟ ಮೇಲೂ ಕತ್ತರಿ ಯಾಕೆ?

ಕಟಿಂಗ್ ಮಾಸ್ಟರ್ (ಬಳ್ಳಾರಿ) ಕೇಳಿದ್ದು:

ಪ್ರಶ್ನೆ ಕೊನೆಯಲ್ಲಿದೆ. ಮೊದಲು ಸ್ವಲ್ಪ ಗೋಳು ಹೇಳಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ಭಾನುವಾರ ನಮ್ಮ ಜೀನ್ಸ್ ಯೂನಿಟ್ಟಿನ ಹುಡುಗರ ಜೊತೆ ಸೆಕೆಂಡ್ ಶೋಗೆ ಹೋಗಿದ್ದೆ. ಹಿಂದಿ ಕಾಮಿಡಿ. ಹೆಸರು ಬೇಡ, ಪೋಸ್ಟರ್ ನೋಡಿದರೇ ಎಂಥದ್ದು ಅಂತ ಗೊತ್ತಾಗುತ್ತದೆ. ಗೋವಾ, ಮದುವೆಗೆ ಮುಂಚಿನ ಪಾರ್ಟಿ, ಅದಲುಬದಲಾದ ಹೋಟೆಲ್ ರೂಮು, ಆ ಥರದ್ದು. ಸಂಸ್ಕಾರ ಕಲಿಯಲು ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಟ್ರೈಲರನ್ನು ಫೋನಿನಲ್ಲಿ ನೋಡಿ ನೋಡಿ ಹುಡುಗರಿಗೆ ಡೈಲಾಗೆಲ್ಲ ಬಾಯಿಪಾಠ. ಲಿಫ್ಟಿನ ಸೀನು ದೊಡ್ಡ ಪರದೆಯ ಮೇಲೆ ಯಾವಾಗ ಬರುತ್ತದೆ ಅಂತ ಒಂದು ವಾರದಿಂದ ಅದೇ ಮಾತು.

ಗೇಟಿನಲ್ಲಿ ನಮ್ಮ ಬಟನ್ ಹಚ್ಚುವ ಹುಡುಗನನ್ನು ನಿಲ್ಲಿಸಿ ಆಧಾರ್ ಕಾರ್ಡ್ ಕೇಳಿದರು. ಅವನಿಗೆ ಮೀಸೆ ಸರಿಯಾಗಿ ಬಂದಿಲ್ಲ, ಆದರೆ ಮದುವೆಯಾಗಿ ಒಂದು ಮಗು ಇದೆ! ಪಾಪ, ಕಾರ್ಡ್ ತೋರಿಸಿದ, ಬಿಟ್ಟರು. ಸರಿ, ‘ಎ’ ಸಿನಿಮಾ, ಕಾನೂನು ಇದೆ, ನಾವೂ ಒಪ್ಪಿದೆವು.

ಒಳಗೆ ಕೂತು ಅರ್ಧ ಗಂಟೆ ಆಗಿರಲಿಲ್ಲ, ಮಾತು ನಿಲ್ಲಲು ಶುರುವಾಯಿತು. ಹೀರೋ ಬಾಯಿ ತೆರೆಯುತ್ತಾನೆ, ಸದ್ದಿಲ್ಲ. ಅವನ ಗೆಳೆಯರು ಪರದೆಯ ಮೇಲೆ ಬಿದ್ದು ಬಿದ್ದು ನಗುತ್ತಾರೆ. ಕೆಳಗೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಬೆರಳು ಎತ್ತಿದರೆ ಬೆರಳಿನ ಮೇಲೆ ಮಸುಕು. ಸ್ವಿಮ್ಮಿಂಗ್ ಪೂಲಿನ ಸೀನಿನಲ್ಲಿ ಚಿತ್ರವನ್ನೇ ಹಿಗ್ಗಿಸಿ ಬರೀ ಮುಖ ಉಳಿಸಿದ್ದಾರೆ. ಹೀರೋನ ಮೂಗಿನ ಕೂದಲು ಎಣಿಸಬಹುದಿತ್ತು. ಆ ಹೊತ್ತಿನಲ್ಲೂ ಮೂಲೆಯಲ್ಲಿ ಸಿಗರೇಟಿನ ಎಚ್ಚರಿಕೆ ಮಾತ್ರ ಫಳಫಳ ಅಂತಿತ್ತು. ಇಡೀ ಸೀನಿನಲ್ಲಿ ಸ್ಪಷ್ಟವಾಗಿ ಕಂಡಿದ್ದು ಅದೊಂದೇ.

ಇನ್ನು ಲಿಫ್ಟಿನ ಸೀನು. ಟ್ರೈಲರಿನಲ್ಲಿ ಹೀಗಿತ್ತು: ಲಿಫ್ಟಿನೊಳಗೆ ಹೀರೋ, ಪಕ್ಕದಲ್ಲಿ ಅವನಿಗೆ ಮಾವನಾಗುವ ಮನುಷ್ಯ. ಹೀರೋ ಕೈಯಲ್ಲಿ ಯಾರದ್ದೋ ಬ್ಯಾಗು. ಬ್ಯಾಗಿನೊಳಗೆ ಏನೋ ಗುಂಯ್ ಅನ್ನುತ್ತಿದೆ. ಮಾವ ‘ಫೋನು ಎತ್ತಪ್ಪ’ ಅನ್ನುತ್ತಾನೆ. ಹೀರೋ ಬೆವರುತ್ತಾ ‘ಇದು ಎತ್ತುವ ಫೋನಲ್ಲ ಅಂಕಲ್’ ಅನ್ನುತ್ತಾನೆ. ಅಷ್ಟೇ. ಪೋಲಿ ಹೌದು, ಆದರೆ ನಗು ಬರುತ್ತದೆ.

ಥಿಯೇಟರಿನಲ್ಲಿ ಏನಾಯಿತು ಗೊತ್ತಾ? ಗುಂಯ್ ಅನ್ನುವ ಸದ್ದೇ ತೆಗೆದಿದ್ದಾರೆ. ಸುಮ್ಮನೆ ನಿಂತಿದ್ದ ಮಾವ ಇದ್ದಕ್ಕಿದ್ದ ಹಾಗೆ ‘ಫೋನು ಎತ್ತು’ ಅನ್ನುತ್ತಾನೆ. ಯಾವ ಫೋನು? ಹೀರೋನ ಉತ್ತರ ಮಾಯ. ಮುಂದಿನ ಶಾಟಿನಲ್ಲಿ ಬಾಗಿಲು ತೆರೆಯುತ್ತದೆ. ಇಬ್ಬರೂ ಬೆವತು ನಿಂತಿದ್ದಾರೆ, ಬ್ಯಾಗು ನೆಲದ ಮೇಲೆ ಬಿದ್ದಿದೆ. ಈಗ ನೀವೇ ಹೇಳಿ, ನೋಡುವವನಿಗೆ ಏನು ಅನ್ನಿಸಬೇಕು? ಮಾವ ಅಳಿಯ ಲಿಫ್ಟಿನಲ್ಲಿ ಏನು ಮಾಡಿದರು ಅಂತ ನಮ್ಮ ಹುಡುಗರು ಊಹಿಸಿದ್ದು ಇದೆಯಲ್ಲ, ಅದು ಮೂಲ ಜೋಕಿಗಿಂತ ಹತ್ತು ಪಟ್ಟು ಪೋಲಿ. ಕತ್ತರಿ ಹಾಕಿದ್ದರಿಂದ ಸಿನಿಮಾ ಮರ್ಯಾದಸ್ಥ ಆಗಲಿಲ್ಲ. ಪೋಲಿತನ ಹಾಗೇ ಉಳಿಯಿತು, ನಗು ಮಾತ್ರ ಹೋಯಿತು.

ಕೆಲವರು ಕ್ಯಾಬಿನ್ ಕಡೆ ತಿರುಗಿ ಆಪರೇಟರಿಗೆ ಬೈದರು. ಇಂಟರ್‌ವಲ್ ಆದ ಮೇಲೆ ಬಾಲ್ಕನಿಯಲ್ಲಿ ಒಬ್ಬ ಪುಣ್ಯಾತ್ಮ ಶುರು ಹಚ್ಚಿಕೊಂಡ. ಸದ್ದು ನಿಂತ ಕಡೆಯೆಲ್ಲ ತಾನೇ ಡೈಲಾಗ್ ತುಂಬಿದ. ಅರ್ಧ ಕನ್ನಡ, ಅರ್ಧ ತೆಲುಗು, ನಮ್ಮೂರಲ್ಲಿ ಅದು ಮಾಮೂಲಿ. ಹಿಂದಿ ಹೀರೋ ಬಾಯಲ್ಲಿ ಕೌಲ್ ಬಜಾರಿನ ಬೈಗುಳ! ಆ ರಾತ್ರಿ ಥಿಯೇಟರ್ ನಿಜವಾಗಿ ನಕ್ಕಿದ್ದು ಅವನಿಗೆ.

ನಾನೂ ಕತ್ತರಿಸಿಯೇ ಹೊಟ್ಟೆ ಹೊರೆಯುವವನು. ಬಟ್ಟೆಯನ್ನು ಪದರ ಪದರ ಹಾಸಿ, ಮೇಲೆ ಮಾರ್ಕರ್ (ಅಳತೆಯ ಗೆರೆ ಎಳೆದ ಕಾಗದ) ಇಟ್ಟು, ಗೆರೆಯ ಮೇಲೆ ಮಷಿನ್ ಓಡಿಸುತ್ತೇವೆ. ಅರ್ಧ ಇಂಚು ಒಳಗೆ ಹೋದರೆ ಆ ಪ್ಯಾಂಟು ಯಾರ ಸೊಂಟಕ್ಕೂ ಕೂರುವುದಿಲ್ಲ. ಈ ಸಿನಿಮಾ ಕತ್ತರಿಸಿದವರು ಗೆರೆ ನೋಡಿದ ಹಾಗೆ ಕಾಣಲಿಲ್ಲ.

ಈಗ ಪ್ರಶ್ನೆ. ‘ಎ’ ಅಂತ ಕೊಟ್ಟು, ಆಧಾರ್ ನೋಡಿ ಒಳಗೆ ಬಿಟ್ಟ ಮೇಲೂ ಕತ್ತರಿ ಯಾಕೆ? ಟ್ರೈಲರಿನಲ್ಲಿ ಇದ್ದದ್ದು ಸಿನಿಮಾದಲ್ಲಿ ಇಲ್ಲದಿದ್ದರೆ ಅದು ಮೋಸ ಅಲ್ವಾ? ಪೂರ್ತಿ ಸಿನಿಮಾ ಎಲ್ಲಾದರೂ ಸರಿಯಾದ ದಾರಿಯಲ್ಲಿ ಸಿಗುತ್ತದಾ? ತಿಳಿದವರು ಹೇಳಿ.

ಸುಮ್ನೆ ಒಬ್ಬ (ಸಿಂಧನೂರು):

ಟ್ರೈಲರ್ ಪುಕ್ಕಟೆ ಇತ್ತಲ್ಲ ಗುರು. ಅದನ್ನೇ ಇನ್ನೊಂದು ಸಲ ನೋಡಿ ಮಲಗಬೇಕಿತ್ತು.

ಜೂನಿಯರ್ ವಕೀಲ (ಕೊಪ್ಪಳ):

ಮಾಸ್ಟರ್, ನಮ್ಮ ಕೋರ್ಟಿಗೆ ಬರುವುದೆಲ್ಲ ಹೊಲದ ಬದು, ಚೆಕ್ ಬೌನ್ಸ್. ಸಿನಿಮಾ ಕಾನೂನು ನನ್ನ ಸ್ವಂತ ಹುಚ್ಚು. ಗೊತ್ತಿದ್ದಷ್ಟು ಹೇಳುತ್ತೇನೆ.

‘ಎ’ ಸಿಕ್ಕರೆ ಎಲ್ಲ ಬಿಡುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 5ಬಿ ಕಲಮಿನಲ್ಲಿ ಸಭ್ಯತೆ, ನೈತಿಕತೆಯ ಮಾತು ಇದೆ. ಆ ಕಲಮಿನ ಅಡಿ ಕೇಂದ್ರ ಸರ್ಕಾರ 1991ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕೀಳು ಭಾವನೆ ಕೆರಳಿಸುವ ಎರಡರ್ಥದ ಮಾತಿಗೆ ಅವಕಾಶ ಕೊಡಬಾರದು ಅಂತ ಅದರಲ್ಲಿ ನೇರವಾಗಿಯೇ ಬರೆದಿದ್ದಾರೆ. ‘ಎ’ ಸಿನಿಮಾಕ್ಕೆ ಇದರಿಂದ ವಿನಾಯಿತಿ ಇಲ್ಲ. ಅಂದರೆ ನಿಮ್ಮ ಡಬಲ್ ಮೀನಿಂಗ್ ಕಾಮಿಡಿ ಸೆನ್ಸಾರ್ ಮಂಡಳಿಯ ಬಾಗಿಲಿಗೆ ಹೋಗುವಾಗಲೇ ಅರ್ಧ ಆರೋಪಿ.

ಮೊದಲು ಪರಿಶೀಲನಾ ಸಮಿತಿ ನೋಡುತ್ತದೆ. ಅವರು ಹೇಳಿದ ಕಟ್ ಒಪ್ಪದಿದ್ದರೆ ಪರಿಷ್ಕರಣಾ ಸಮಿತಿ. ಅಲ್ಲೂ ಆಗಲಿಲ್ಲ ಅಂದರೆ ಮುಂಚೆ ಒಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರಲ್ಲಿ ಅದನ್ನು ರದ್ದು ಮಾಡಿದರು. ಈಗ ಹೈಕೋರ್ಟಿಗೇ ಹೋಗಬೇಕು. ಪೋಸ್ಟರ್ ಅಂಟಿಸಿ, ಶುಕ್ರವಾರ ರಿಲೀಸ್ ಅಂತ ಹೇಳಿ ಕೂತ ನಿರ್ಮಾಪಕ ಹೈಕೋರ್ಟಿಗೆ ಹೋಗುತ್ತಾನಾ? ಹೇಳಿದ ಕಡೆ ಮ್ಯೂಟ್ ಮಾಡಿ ಸರ್ಟಿಫಿಕೇಟ್ ತೆಗೆದುಕೊಂಡು ಬರುತ್ತಾನೆ.

ವಯಸ್ಸು ನೋಡಿ ವರ್ಗ ಮಾಡಿದರೆ ಸಾಕು, ಕತ್ತರಿಸುವುದು ಮಂಡಳಿಯ ಕೆಲಸ ಆಗಬಾರದು ಅಂತ ಸರ್ಕಾರವೇ ನೇಮಿಸಿದ್ದ ನಿರ್ದೇಶಕ ಶ್ಯಾಮ್ ಬೆನೆಗಲ್ ಸಮಿತಿ 2016ರಲ್ಲೇ ಹೇಳಿತ್ತು. ‘ಎ’ ಮೇಲೆ ಇನ್ನೊಂದು ವರ್ಗ ಮಾಡಿ ಅಂತಲೂ ಹೇಳಿತ್ತು. 2023ರ ತಿದ್ದುಪಡಿಯಲ್ಲಿ ‘ಯುಎ’ಯನ್ನು, ಅಂದರೆ ಅಪ್ಪ ಅಮ್ಮ ಸರಿ ಅಂದರೆ ಮಕ್ಕಳೂ ನೋಡಬಹುದಾದ ವರ್ಗವನ್ನು, 7, 13, 16 ವಯಸ್ಸು ಅಂತ ಮೂರು ಭಾಗ ಮಾಡಿದರು. ಮಕ್ಕಳಿಗೆ ಮೂರು ಮೆಟ್ಟಿಲು ಸಿಕ್ಕಿತು, ದೊಡ್ಡವರಿಗೆ ಹೊಸದೇನೂ ಸಿಗಲಿಲ್ಲ.

ಟ್ರೈಲರ್ ವಿಷಯ: ಥಿಯೇಟರಿನಲ್ಲಿ ಹಾಕುವ ಟ್ರೈಲರಿಗೆ ಸರ್ಟಿಫಿಕೇಟ್ ಬೇಕು. ಇಂಟರ್ನೆಟ್ಟಿನಲ್ಲಿ ಬಿಡುವುದಕ್ಕೆ ಬೇಡ. ಅದಕ್ಕೇ ಫೋನಿನಲ್ಲಿ ಎಲ್ಲ ಇತ್ತು. ಮೋಸ ಅಂತ ನೀವು ಅನ್ನಬಹುದು, ಆದರೆ ಕೇಸು ಹಾಕಿದರೆ ನನ್ನ ಫೀಸೇ ನಿಮ್ಮ ಟಿಕೆಟ್ಟಿಗಿಂತ ಜಾಸ್ತಿ ಆಗುತ್ತದೆ.

ಪೂರ್ತಿ ಕಾಪಿ ವಿಷಯ: ಟಿವಿಗೆ ಕಾಯಬೇಡಿ. ‘ಎ’ ಸಿನಿಮಾ ಹಾಗೇ ಟಿವಿಯಲ್ಲಿ ಬರುವಂತಿಲ್ಲ. ಮತ್ತೆ ಕತ್ತರಿಸಿ ‘ಯುಎ’ ಮಾಡಿಸಬೇಕು. ಆಮೇಲೆ ಉಳಿಯುವುದು ಹಾಡು ಮತ್ತು ಜಾಹೀರಾತು. ಓಟಿಟಿಗೆ 2021ರ ನಿಯಮ ಪ್ರಕಾರ ಮಂಡಳಿಯ ಕತ್ತರಿ ಇಲ್ಲ. ಅವರೇ ವಯಸ್ಸಿನ ಗುರುತು ಹಾಕಿಕೊಂಡರೆ ಆಯಿತು. ಆದರೂ ಎಷ್ಟೋ ಸಲ ಥಿಯೇಟರಿನ ಕಾಪಿಯನ್ನೇ ಹಾಕುತ್ತಾರೆ. ತಲೆನೋವು ಬೇಡ ಅಂತ ಇರಬೇಕು.

ಮುಂದಿನ ಸಲ ಸಿನಿಮಾ ಶುರುವಾಗುವ ಮುಂಚೆ ಸರ್ಟಿಫಿಕೇಟ್ ತೋರಿಸುತ್ತಾರಲ್ಲ, ಅದರ ಕೆಳಗೆ ಎಡಗಡೆ ಮೂಲೆ ನೋಡಿ. ತ್ರಿಕೋನ ಇದ್ದರೆ ಕತ್ತರಿ ಬಿದ್ದಿದೆ ಅಂತ ಅರ್ಥ. ಏನು ಹೋಗಿದೆ ಅನ್ನುವುದು ಅದರ ಎರಡನೇ ಭಾಗದಲ್ಲಿ ಇರುತ್ತದೆ.

ಫುಲ್ ಎಚ್‌ಡಿ:

ಇಷ್ಟೆಲ್ಲ ಪುರಾಣ ಯಾಕೆ? ಟೆಲಿಗ್ರಾಂನಲ್ಲಿ ಸಿಗುತ್ತೆ. ಇನ್‌ಬಾಕ್ಸಿಗೆ ಬನ್ನಿ.

ಜೂನಿಯರ್ ವಕೀಲ (ಕೊಪ್ಪಳ):

ಹೋಗಬೇಡಿ. 2023ರ ತಿದ್ದುಪಡಿಯಲ್ಲಿ ಕಳ್ಳ ಕಾಪಿ ಮಾಡಿ ಹಂಚುವವರಿಗೆ ಕಡಿಮೆ ಅಂದರೂ 3 ತಿಂಗಳು ಜೈಲು, 3 ಲಕ್ಷ ದಂಡ. ಇನ್ನೊಂದು ಮಾತು, ಥಿಯೇಟರಿನಲ್ಲಿ ಕದ್ದು ತೆಗೆದದ್ದಾದರೆ ಅದರಲ್ಲಿ ಮ್ಯೂಟ್ ಹಾಗೇ ಇರುತ್ತದೆ. ಜೊತೆಗೆ ಯಾರದ್ದೋ ಕೆಮ್ಮು.

ಹಳೇ ಆಪರೇಟರ್ (ರಾಯಚೂರು):

ಕ್ಯಾಬಿನ್ ಕಡೆ ತಿರುಗಿ ಬೈದರು ಅಂತ ಬರೆದಿದ್ದೀಯಲ್ಲ ತಮ್ಮ, ಅದಕ್ಕೇ ಬರೆಯುತ್ತಿದ್ದೇನೆ. ಈಗಿನ ಆಪರೇಟರಿನದು ಏನೂ ತಪ್ಪಿಲ್ಲ. ಈಗ ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಸ್ಯಾಟಲೈಟಿನಲ್ಲೋ ಬೀಗ ಹಾಕಿಕೊಂಡು ಬರುತ್ತದೆ. ಬೀಗದ ಕೀ ಒಂದು ಫೈಲು. ಯಾವ ಮಷಿನ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಲ್ಲ ಅದರಲ್ಲೇ ಇರುತ್ತದೆ. ತಾರೀಖು ಮುಗಿದರೆ ಪರದೆ ಕಪ್ಪು. ಒಂದು ಸೆಕೆಂಡ್ ತೆಗೆಯುತ್ತೇನೆ ಅಂದರೂ ಆಗದು.

ನಮ್ಮ ಕಾಲದಲ್ಲಿ ಬೈದಿದ್ದರೆ ಅರ್ಥ ಇತ್ತು. ರೀಲಿನ ಕಾಲ ಅದು. ಸೆನ್ಸಾರ್ ಒಂದು ಸಲ ಕತ್ತರಿಸುತ್ತಿತ್ತು. ಸಿನಿಮಾ ಉದ್ದ ಆಯಿತು, ನಾಲ್ಕು ಆಟ ಕೂರುವುದಿಲ್ಲ ಅಂತ ಹಂಚಿಕೆದಾರ ಇನ್ನೊಂದು ಸಲ. ಆಮೇಲೆ ರೀಲು ಊರೂರು ಸುತ್ತಿ ಹರಿದು ಬರುತ್ತಿತ್ತು, ಹರಿದ ಕಡೆ ನಾವು ಕತ್ತರಿಸಿ ಅಂಟಿಸುತ್ತಿದ್ದೆವು. ಬೆಂಗಳೂರಿನಲ್ಲಿ ನೋಡಿದವನಿಗೂ ನಮ್ಮಲ್ಲಿ ಕೊನೆಗೆ ನೋಡಿದವನಿಗೂ ಕಥೆಯೇ ಬೇರೆ ಅನ್ನಿಸುತ್ತಿತ್ತು!

ನೀನು ಕಟಿಂಗ್ ಮಾಸ್ಟರ್, ಅದಕ್ಕೆ ಒಂದು ಕಸುಬಿನ ಮಾತು ಹೇಳುತ್ತೇನೆ. ರೀಲಿನಲ್ಲಿ ಚಿತ್ರದ ಪಕ್ಕದಲ್ಲೇ ಅದರ ಸದ್ದು ಇರುತ್ತಿರಲಿಲ್ಲ. ಚಿತ್ರ ತೋರಿಸುವ ಕಿಂಡಿ ಮೇಲೆ, ಸದ್ದು ಓದುವ ಜಾಗ ಅದರ ಕೆಳಗೆ. ಅದಕ್ಕೆ ಸದ್ದನ್ನು ಸುಮಾರು 20 ಫ್ರೇಮ್ ಮುಂಚೆಯೇ ಅಚ್ಚು ಹಾಕಿರುತ್ತಿದ್ದರು. ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಮುಂಚೆ. ಈಗ ಚಿತ್ರ ನೋಡಿ ಒಂದು ಸೀನು ಕತ್ತರಿಸು. ಹೋದ ಸೀನಿನ ಮೊದಲ ತುಣುಕು ಸದ್ದು ಹಿಂದಿನ ಸೀನಿನ ಜೊತೆ ಉಳಿದುಬಿಡುತ್ತದೆ. ಮುಂದಿನ ಸೀನಿನ ಮೊದಲ ಮಾತು ಕತ್ತರಿಸಿದ ತುಂಡಿನ ಜೊತೆ ಹೋಗುತ್ತದೆ. ದೇವರಿಗೆ ಮಂಗಳಾರತಿ ನಡೆಯುವಾಗ ಇದ್ದಕ್ಕಿದ್ದಂತೆ ಒಂದು ‘ಅಯ್ಯೋ ಬಿಡಿ’ ಕೇಳಿಸಿ, ಇಡೀ ಗಾಂಧಿ ಕ್ಲಾಸು (ಪರದೆಯ ಮುಂದಿನ ಅಗ್ಗದ ಸೀಟಿನವರು) ಶಿಳ್ಳೆ ಹೊಡೆದದ್ದು ನಾನೇ ಕಂಡಿದ್ದೇನೆ. ಕತ್ತರಿಸಿದ್ದು ಯಾವ ಸೀನು ಅಂತ ಎಲ್ಲರಿಗೂ ಗೊತ್ತಾಯಿತು.

ಇದರ ಉಲ್ಟಾ ದಂಧೆಯೂ ಕೆಲವು ಕಡೆ ಇತ್ತು. ಮಾರ್ನಿಂಗ್ ಶೋದಲ್ಲಿ ಎಲ್ಲಿಯದೋ ಪೋಲಿ ಸೀನಿನ ತುಣುಕು (‘ಬಿಟ್’) ತಂದು ನಡುವೆ ಅಂಟಿಸುವುದು. ಸರ್ಟಿಫಿಕೇಟ್ ಆದ ಮೇಲೆ ಸೇರಿಸುವುದೂ ಅಪರಾಧ, ತೆಗೆಯುವುದೂ ಅಪರಾಧ. ನಮ್ಮ ಮಾಲೀಕ ಆ ಗೊಡವೆಗೆ ಹೋಗಲಿಲ್ಲ. ಅವರ ಮನೆಯವರು ಮ್ಯಾಟಿನಿಗೆ ಬಂದು ಕೂರುತ್ತಿದ್ದರು, ಅದೂ ಒಂದು ಕಾರಣ.

ಸೋನಾ ಮಸೂರಿ (ಗಂಗಾವತಿ):

ಇದೇ ಸಿನಿಮಾ ನಾನೂ ನೋಡಿದೆ. ಹೆಂಗಸರು ಇಂಥದ್ದು ನೋಡುವುದಿಲ್ಲ ಅಂತ ತಿಳಿಯಬೇಡಿ. ನಾನು, ನನ್ನ ನಾದಿನಿ ಮ್ಯಾಟಿನಿಗೆ ಹೋಗಿದ್ದೆವು. ಮನೆಯಲ್ಲಿ ಹೇಳಿದ್ದು ಬೇರೆ ಸಿನಿಮಾದ ಹೆಸರು.

ನಿಮ್ಮ ಮಾತು ಅರ್ಧ ಒಪ್ಪುತ್ತೇನೆ ಅಣ್ಣ. ಇನ್ನರ್ಧ ನೀವು ಗಮನಿಸಿಲ್ಲ. ಬೆಳಗಿನ ತಿಂಡಿಯ ಸೀನು ನೆನಪಿದೆಯಾ? ಹೀರೋನ ಗೆಳೆಯ ಮದುಮಗಳ ಗೆಳತಿಯನ್ನು ಮೇಲಿಂದ ಕೆಳಗೆ ನೋಡಿ ‘ಇಲ್ಲಿ ಪಪ್ಪಾಯಿ ಚೆನ್ನಾಗಿವೆ’ ಅನ್ನುತ್ತಾನೆ. ಆ ಮಾತು ಪೂರ್ತಿ ಇದೆ, ಮ್ಯೂಟ್ ಇಲ್ಲ. ಪಪ್ಪಾಯಿ ಯಾವ ಪಟ್ಟಿಯಲ್ಲಿಯೂ ಬೈಗುಳ ಅಲ್ಲವಲ್ಲ. ಅದಕ್ಕೆ ಅವಳು ಒಂದು ಉತ್ತರ ಕೊಡುತ್ತಾಳೆ. ಅದು ಮಾತ್ರ ಮ್ಯೂಟ್! ಅವಳ ಬಾಯಿ ಆಡುವುದು ಕಾಣುತ್ತದೆ. ಟೇಬಲ್ಲಿನಲ್ಲಿದ್ದ ಗಂಡಸರೆಲ್ಲ ತಲೆ ತಗ್ಗಿಸಿ ಇಡ್ಲಿ ಮುರಿಯುತ್ತಾರೆ. ಇಡೀ ಸಿನಿಮಾದಲ್ಲಿ ಒಬ್ಬ ಹೆಣ್ಣುಮಗಳು ತಿರುಗಿ ಕೊಟ್ಟ ಒಂದೇ ಮಾತು ಅದು. ಏನಂದಳು ಅಂತ ಇವತ್ತಿಗೂ ಗೊತ್ತಿಲ್ಲ. ನಾದಿನಿ ಒಂದು ಊಹೆ ಮಾಡಿದ್ದಾಳೆ, ಇಲ್ಲಿ ಬರೆಯಲಾರೆ.

ವಕೀಲರೇ, ನೀವು ಹೇಳಿದ ಮಾರ್ಗಸೂಚಿಯಲ್ಲಿ ಹೆಣ್ಣನ್ನು ಕೀಳಾಗಿ ತೋರಿಸಬಾರದು ಅಂತಲೂ ಇದೆ ಅಲ್ವಾ? ಅವನ ಪಪ್ಪಾಯಿ ಬಿಟ್ಟು ಅವಳ ಉತ್ತರ ಕತ್ತರಿಸಿದರೆ ಅದು ಯಾವ ಲೆಕ್ಕ?

ಇನ್ನೊಂದು. ಪೂರ್ತಿ ಬಿಟ್ಟಿದ್ದರೂ ಇದೇನು ಅಂಥ ಸಿನಿಮಾ ಅಲ್ಲ. ಸೆಕೆಂಡ್ ಹಾಫಿನಲ್ಲಿ ಕಥೆಯೇ ಇಲ್ಲ. ಅದನ್ನೂ ಸೆನ್ಸಾರಿನ ತಲೆಗೆ ಕಟ್ಟಬೇಡಿ.

ಜೂನಿಯರ್ ವಕೀಲ (ಕೊಪ್ಪಳ):

ಇದೆ ಅಕ್ಕ, ಅದೇ 1991ರ ಪಟ್ಟಿಯಲ್ಲೇ ಇದೆ. ನಿಮಗೆ ಕೊಡಲು ನನ್ನ ಹತ್ತಿರ ಉತ್ತರ ಇಲ್ಲ.

ನಾಟಕದ ಮೇಷ್ಟ್ರು (ಯಲಬುರ್ಗಾ):

ಪೋಲಿ ಜೋಕಿಗೆ ಮಾತು ಬೇಕೇ ಬೇಕು ಅಂತ ಎಲ್ಲರೂ ತಿಳಿದಂತಿದೆ. ಬೇಡ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಬನ್ನಿ, ಕಂಪನಿ ನಾಟಕದ ಟೆಂಟಿನಲ್ಲಿ ತೋರಿಸುತ್ತೇನೆ. ನಾನು ಚಿಕ್ಕಂದಿನಿಂದ ಹೋಗುತ್ತಿದ್ದೇನೆ.

ನಾನು ಕಂಡ ಒಬ್ಬ ಹಾಸ್ಯ ಪಾತ್ರಧಾರಿ ಇದ್ದ. ಸಂತೆಯ ಸೀನು. ಕೈಯಲ್ಲಿ ಒಂದು ಬದನೆಕಾಯಿ ಹಿಡಿದುಕೊಂಡು ಬರುತ್ತಾನೆ. ಮಾರುವವಳ ಮುಂದೆ ಹಿಡಿದು ‘ಇದು ನಮ್ಮ ಗೌಡರ...’ ಅಂತ ನಿಲ್ಲಿಸುತ್ತಾನೆ. ಬದನೆಕಾಯಿ ನೋಡುತ್ತಾನೆ. ಜನರನ್ನು ನೋಡುತ್ತಾನೆ. ತಬಲಾದವನನ್ನು ನೋಡುತ್ತಾನೆ. ತಬಲಾದವನು ಒಂದು ಪೆಟ್ಟು ಕೊಡುತ್ತಾನೆ. ಟೆಂಟು ಹಾರಿಹೋಗುವ ಹಾಗೆ ನಗು. ಅದೆಲ್ಲ ತಣ್ಣಗಾದ ಮೇಲೆ ‘...ಹೊಲದ್ದು’ ಅನ್ನುತ್ತಾನೆ. ‘ನೀವೇನು ತಿಳಿದಿರಿ?’ ಅಂತ ಜನಕ್ಕೇ ಗದರುತ್ತಾನೆ. ಎಲ್ಲಿದೆ ಅಶ್ಲೀಲ? ಅವನ ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ.

ನಿಮ್ಮ ಸಿನಿಮಾದಲ್ಲೂ ಮಾತು ನಿಂತಿತು, ಇಲ್ಲೂ ನಿಂತಿತು. ಆದರೆ ಇಲ್ಲಿ ನಿಲ್ಲಿಸಿದವನು ನಟ. ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಜನರ ಮುಖ ನೋಡಿ ಅಳೆಯುತ್ತಾನೆ. ಮುಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆ ಅಂತಲೂ ನೋಡುತ್ತಾನೆ. ಒಂದು ರಾತ್ರಿ ಮುಂದೆಯೇ ಮುತ್ತೈದೆಯರು ಮಕ್ಕಳನ್ನು ಕರೆದುಕೊಂಡು ಬಂದು ಕೂತಿದ್ದರು. ಅವತ್ತು ಅವನು ಬದನೆಕಾಯಿ ಬಿಟ್ಟು ಕುಂಬಳಕಾಯಿ ತಂದ. ಇಡೀ ಸೀನು ಬೇರೆ ಕಡೆಗೆ ತಿರುಗಿಸಿದ. ಹಾಗಂತ ನಗು ಕಡಿಮೆ ಆಗಲಿಲ್ಲ.

ಬರೀ ಕೆಟ್ಟದಾಗಿ ಮಾತಾಡಿ ಚಪ್ಪಾಳೆ ಗಿಟ್ಟಿಸುವ ಕಂಪನಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಅಂಥ ಕಡೆ ನಾನು ಅರ್ಧಕ್ಕೆ ಎದ್ದು ಬಂದಿದ್ದೇನೆ. ಗಂಗಾವತಿಯ ತಂಗಿ ಹೇಳಿದ್ದು ಅಲ್ಲಿಗೂ ಸರಿಯೇ. ಹೆಣ್ಣು ಪಾತ್ರ ತಿರುಗಿ ಕೊಡುವ ಕಂಪನಿ ನಾಟಕದಲ್ಲಿ ಮಜಾ ಜಾಸ್ತಿ. ಆ ಬದನೆಕಾಯಿಯವನಿಗೆ ಮಾರುವವಳು ಕೊಟ್ಟ ಉತ್ತರ ಏನು ಗೊತ್ತಾ? ‘ಹೊಲ ಗೌಡರದ್ದೇ, ಆದರೆ ಈ ಸಲ ಬೆಳೆ ಬಾಡಿದೆ.’

ಕಟಿಂಗ್ ಮಾಸ್ಟರ್ (ಬಳ್ಳಾರಿ):

ಮೇಷ್ಟ್ರೇ, ಬೆಳೆ ಬಾಡಿದ ಮಾತನ್ನು ಇವತ್ತು ಯೂನಿಟ್ಟಿನಲ್ಲಿ ಹೇಳಿದೆ. ಮಷಿನ್ ನಿಲ್ಲಿಸಿ ನಕ್ಕರು. ಮಾಲೀಕರು ಬಂದು ಏನು ಅಂತ ಕೇಳಿದರು, ಅವರಿಗೂ ಹೇಳಬೇಕಾಯಿತು.

ವಕೀಲ ಸರ್, ನೀವು ಹೇಳಿದ ಮೇಲೆ ನನ್ನ ಸಿಟ್ಟು ಮಂಡಳಿಯ ಮೇಲಿನದು ಸ್ವಲ್ಪ ನಿರ್ಮಾಪಕನ ಮೇಲೆ ಹೋಗಿದೆ. ಶುಕ್ರವಾರ ತಪ್ಪಬಾರದು ಅಂತ ಒಪ್ಪಿಕೊಂಡು ಬಂದವನು, ಕತ್ತರಿ ಬಿದ್ದಿದೆ ಅಂತ ಪೋಸ್ಟರಿನಲ್ಲಿ ಒಂದು ಗೆರೆ ಬರೆಯಬಹುದಿತ್ತು. ನಮ್ಮಲ್ಲಿ ಸೆಕೆಂಡ್ಸ್ ಮಾಲು ಅಂದರೆ ಸೆಕೆಂಡ್ಸ್ ಅಂತ ಹೇಳಿಯೇ ಮಾರುತ್ತೇವೆ, ರೇಟೂ ಕಡಿಮೆ. ಇಲ್ಲಿ ಟಿಕೆಟ್ ದುಡ್ಡಿಗೆ ಮಾತ್ರ ಕತ್ತರಿ ಬೀಳಲಿಲ್ಲ. ತ್ರಿಕೋನ ನೋಡುವುದನ್ನು ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಆದರೆ ಅದು ಕಾಣುವ ಹೊತ್ತಿಗೆ ದುಡ್ಡು ಕೊಟ್ಟು ಒಳಗೆ ಕೂತಿರುತ್ತೇವಲ್ಲ!

ಆಪರೇಟರ್ ಅಣ್ಣಾರೇ, ಮಂಗಳಾರತಿಯಲ್ಲಿ ‘ಅಯ್ಯೋ ಬಿಡಿ’ ಬಂದ ಸಿನಿಮಾ ಯಾವುದು ಅಂತ ಇಲ್ಲಿ ಎಲ್ಲರೂ ಕೇಳುತ್ತಿದ್ದಾರೆ.

ಅಕ್ಕ, ತಿಂಡಿಯ ಸೀನನ್ನು ಹುಡುಗರ ಜೊತೆ ಮಾತಾಡಿದೆ. ಅವಳ ಮಾತು ಏನಿರಬಹುದು ಅಂತ ಊಟದ ಹೊತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಕಾಜಾ ಹೊಲಿಯುವ ಅಕ್ಕ ಒಬ್ಬರಿದ್ದಾರೆ, ಸಿನಿಮಾ ನೋಡಿಲ್ಲ. ಬರೀ ಪಪ್ಪಾಯಿ ಮಾತು ಕೇಳಿ ಅವರು ಕೊಟ್ಟ ಉತ್ತರಕ್ಕೆ ನಮ್ಮ ಹುಡುಗರೂ ತಲೆ ತಗ್ಗಿಸಿ ಬುತ್ತಿ ಬಿಚ್ಚಿದರು. ನಿಮ್ಮ ನಾದಿನಿಗೆ ಕಳಿಸಬೇಕೆಂದರೆ ಹೇಳಿ.

ಬನದ ಹುಣ್ಣಿಮೆಗೆ ಯೂನಿಟ್ಟಿನಲ್ಲಿ ರಜೆ ಕೇಳಿದ್ದೇವೆ ಮೇಷ್ಟ್ರೇ. ಯಾವ ಟೆಂಟು ಅಂತ ನೀವು ಹೇಳಿದರೆ ಸಾಕು. ಕಾಜಾ ಅಕ್ಕನೂ ಬರುತ್ತಾರಂತೆ, ಬಟನ್ ಹುಡುಗ ಹೆಂಡತಿ ಮಗುವನ್ನು ಕರೆದುಕೊಂಡು ಬರುತ್ತಾನಂತೆ. ಅವರನ್ನು ಮಾತ್ರ ಹಿಂದಿನ ಸಾಲಿನಲ್ಲಿ ಕೂರಿಸಿ, ಮುಂದೆ ಕೂತರೆ ನಮಗೆಲ್ಲ ಕುಂಬಳಕಾಯಿ.